ನರೆಗಿಂತ ಮೊದಲು ಗೆರೆ

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹಾಸನದ ಯಾವ ಬಡಾವಣೆಯಲ್ಲಿ ಯಾರ ಮನೆ ಬೆಲ್ ಒತ್ತಿದರೂ ಬಾಗಿಲು ತೆರೆಯುವುದು ತಡ. ಒಳಗೆ ತೂತು ಬನಿಯನ್ನು, ಹೆಗಲ ಮೇಲೆ ಮಾಸಿದ ಟವೆಲ್ಲು, ತಲೆ ತುಂಬ ಕಪ್ಪು ಗೊಜ್ಜು ಮೆತ್ತಿಕೊಂಡ ಯಜಮಾನರು ಬಚ್ಚಲುಮನೆ ಕಡೆ ಓಡುತ್ತಿರುತ್ತಾರೆ. ಬಂದವರು ಕೊರಿಯರ್‌ನವರಾದರೆ ಬಚಾವು. ಮದುವೆ ಕರೆಯೋಕೆ ಬಂದವರಾದರೆ ಮುಗಿಯಿತು, ಯಜಮಾನರ ಕೈಗೇ ಪತ್ರಿಕೆ ಕೊಡದೆ ಅವರು ಏಳುವುದಿಲ್ಲ.

"ಅಣ್ಣ ಇಲ್ವಾ ಅತ್ತಿಗೆ?"

"ಸ್ನಾನಕ್ಕೆ ಹೋಗವ್ರೆ, ಕೂತ್ಕಳಿ, ಕಾಫಿ ಮಾಡ್ತೀನಿ."

ಆ ಸ್ನಾನ ಮುಕ್ಕಾಲು ಗಂಟೆ. ಒಲೆ ಮೇಲೆ ಉಪ್ಪಿಟ್ಟೂ ಏರಿದರೆ ಒಂದು ಗಂಟೆ. ಡೈ ಪ್ಯಾಕೆಟ್ಟಿನ ಮೇಲೆ 30 ನಿಮಿಷ ಅಂತ ಬರೆದದ್ದು ತೊಂಬತ್ತಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಕಪ್ಪಾಗುತ್ತದೆ ಅನ್ನೋದು ಭ್ರಮೆ. ಡೈ ಗಾಳಿಗೂ ಪೆರಾಕ್ಸೈಡಿಗೂ ಸೇರಿ ಬಣ್ಣವಾಗುವ ಕೆಲಸ 30ರಿಂದ 45 ನಿಮಿಷಕ್ಕೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಮೇಲೆ ಕಪ್ಪಾಗುವುದು ಕೂದಲಲ್ಲ, ಕಿವಿ ತುದಿ ಮತ್ತು ಹಣೆಯಂಚು. ಜೊತೆಗೆ ನೆತ್ತಿ ಉರಿ ಉಚಿತ.

ಇಷ್ಟು ಕಷ್ಟಪಟ್ಟು ಮುಚ್ಚಿದ್ದು ಎಷ್ಟು ದಿನ ಬರುತ್ತದೆ ಅನ್ನೋದರ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ತಲೆಗೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ. ಹದಿನೈದು ದಿನಕ್ಕೆ 6 ಮಿಲಿಮೀಟರ್. ಅಷ್ಟು ಸಾಕು, ಕಪ್ಪು ಕೂದಲಿನ ಬುಡದಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬೈತಲೆ ಮಿಂಚುತ್ತದೆ. ಮೂರು ವಾರಕ್ಕೊಮ್ಮೆ ಡೈ ಅಂದರೆ ವರ್ಷಕ್ಕೆ ಹದಿನೇಳು ಭಾನುವಾರ ಹಳೇ ಬನಿಯನ್ನಿಗೆ ಹೋಯಿತು. ಬೇಲೂರಿನ ಗುಡಿ ಗೋಡೆಯ ದರ್ಪಣ ಸುಂದರಿಗೆ ಈ ತಾಪತ್ರಯವಿಲ್ಲ. 1117ರ ಕಾಲದ ಗುಡಿ, ಕಪ್ಪು ಕಲ್ಲು, ಬುಡದಲ್ಲಿ ಬೆಳವಣಿಗೆ ಸೊನ್ನೆ.

ಎದುರಿಗೆ ಕೂತವರ ಕಣ್ಣು ಕುಟುಕುವುದು ನರೆಯನ್ನಲ್ಲ, ಕಪ್ಪು ಮುಗಿದು ಬಿಳಿ ಶುರುವಾಗುವ ಆ ಗಡಿಯನ್ನು. ತಲೆ ತುಂಬ ಹಂಚಿಹೋದ ನರೆ ಯಾರ ಗಮನಕ್ಕೂ ಬರುವುದಿಲ್ಲ. ಒಂದೇ ಸಾಲಿನಲ್ಲಿ ನಿಂತ ನರೆ ಛತ್ರದ ಕೊನೇ ಪಂಕ್ತಿಗೂ ಕಾಣುತ್ತದೆ. ಆದ್ದರಿಂದ ಕಡಿಮೆ ಕೆಲಸದ ದಾರಿ ಬೇಕಾದವರು ನರೆ ಮುಚ್ಚುವ ಹಟ ಬಿಟ್ಟು ಗಡಿ ಅಳಿಸುವುದನ್ನು ಕಲಿಯಬೇಕು.

ಖರ್ಚಿಲ್ಲದ ಉಪಾಯ ಮೊದಲು: ಬೈತಲೆ ಬದಲಿಸಿ. ಇಪ್ಪತ್ತು ವರ್ಷದಿಂದ ನೇರ ತೆಗೆದ ಬೈತಲೆಯನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿ, ಅದನ್ನೂ ನೇರ ಬೇಡ, ಬಾಚಣಿಗೆ ತುದಿಯಲ್ಲಿ ಅಂಕುಡೊಂಕಾಗಿ ತೆಗೆಯಿರಿ, ಚಾರ್ಮಾಡಿ ಘಾಟಿಯ ರಸ್ತೆ ಹಾಗೆ. ಗೆರೆ ತುಂಡಾಗಿ ಇನ್ನೂ ಹತ್ತು ದಿನ ತಳ್ಳಬಹುದು. ಅತ್ತೆಯವರು "ಇದೇನೇ, ಬೈತಲೆ ಸೊಟ್ಟ" ಅನ್ನುತ್ತಾರೆ, ಅನ್ನಲಿ.

ಎರಡನೆಯದು, ಅಚ್ಚ ಕಪ್ಪನ್ನು ಕೈಬಿಡುವುದು. ಬಣ್ಣದ ಡಬ್ಬಿಯ ಮೇಲೆ ಅಂಕಿ ಇರುತ್ತದೆ: 1 ಅಂದರೆ ಕಪ್ಪು, 3 ಗಾಢ ಕಂದು, 4 ಕಂದು. ಕಂಪನಿಯಿಂದ ಕಂಪನಿಗೆ ಚೂರು ಆಚೀಚೆ, ಆದರೆ ಅಂಕಿ ಏರಿದಂತೆ ತಿಳಿಯಾಗುವುದು ಎಲ್ಲದರಲ್ಲೂ ಒಂದೇ. ನಮ್ಮವರ ಹುಟ್ಟು ಬಣ್ಣ ಬಿಸಿಲಲ್ಲಿ ನೋಡಿದರೆ 2, 3ರ ಆಸುಪಾಸು, ಅಚ್ಚ ಕಪ್ಪಲ್ಲ. ಆದರೂ ಅಂಗಡಿಯಲ್ಲಿ ಎಲ್ಲರ ಕೈ ಹೋಗುವುದು 1ಕ್ಕೇ. ಐವತ್ತೈದರ ಮುಖದ ಮೇಲೆ ಇಪ್ಪತ್ತರ ಕಪ್ಪು ಕೂತಾಗ ಮುಖ ಇನ್ನೂ ಐದು ವರ್ಷ ಮುಂದಕ್ಕೆ ಓಡುತ್ತದೆ, ಅದು ಬೇರೆ ಮಾತು. ಬಿಳಿಗೂ ಕಂದಿಗೂ ಇರುವ ಅಂತರ ಬಿಳಿಗೂ ಕಪ್ಪಿಗೂ ಇರುವಷ್ಟಿಲ್ಲ, ಹಾಗಾಗಿ 3 ಅಥವಾ 4 ಹಚ್ಚಿದವರ ಗೆರೆ ಮಂಕಾಗಿರುತ್ತದೆ.

ಹಚ್ಚುವ ಕ್ರಮದಲ್ಲೂ ಎಡವಟ್ಟು ಬಹಳ. ತಲೆಗೆ ಎಣ್ಣೆ ಇದ್ದರೆ ಬಣ್ಣ ಹಿಡಿಯುವುದಿಲ್ಲ, ಶನಿವಾರ ಸಂಜೆ ತೊಳೆದು ಭಾನುವಾರ ಹಚ್ಚುವುದು ಸರಿ. ಹಣೆಯಂಚಿಗೆ, ಕಿವಿಗೆ, ಕತ್ತಿನ ಹಿಂದಕ್ಕೆ ತೆಳ್ಳಗೆ ವ್ಯಾಸಲೀನ್. ಅದು ಕೂದಲಿಗೆ ತಾಗಬಾರದು, ತಾಗಿದ ಕಡೆ ಬಿಳಿ ಹಾಗೇ ಉಳಿಯುತ್ತದೆ. ಕಲಸಲು ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲು, ಅಡುಗೆಮನೆಯ ಸ್ಟೀಲ್ ಲೋಟ ಅಲ್ಲ. ಮೊದಲು ಕಣತಲೆ, ಕಿವಿ ಮುಂದಿನ ಕೂದಲು: ನರೆ ಮೊದಲು ಬರುವುದು ಅಲ್ಲಿ, ಬಣ್ಣಕ್ಕೆ ಬೇಗ ಬಗ್ಗದ ಒರಟು ಕೂದಲೂ ಅಲ್ಲೇ. ಆಮೇಲೆ ಬೈತಲೆ, ಕೊನೆಗೆ ಹಿಂಭಾಗ. ಹಳೇ ಟೂತ್‌ಬ್ರಷ್ಷಿನಲ್ಲಿ ಬುಡದ ಒಂದೂವರೆ ಸೆಂಟಿಮೀಟರ್‌ಗೆ ಮಾತ್ರ. ಪ್ರತಿ ಸಲ ಬುಡದಿಂದ ತುದಿವರೆಗೂ ಬಳಿದರೆ ತುದಿಯಲ್ಲಿ ಪದರದ ಮೇಲೆ ಪದರ ಕೂತು, ಜಡೆ ತುದಿ ಟಾರು ಡಬ್ಬಿಯಲ್ಲಿ ಅದ್ದಿದ ಹಾಗಾಗುತ್ತದೆ. ತುದಿ ಮಂಕಾಗಿದ್ದರೆ ಕೊನೆಯ ಐದು ನಿಮಿಷ ಬಾಚಿ ಎಳೆದರೆ ಸಾಕು.

ಉಳಿದ ಡೈ? ಅದನ್ನು ಮುಚ್ಚಿಟ್ಟು ಮುಂದಿನ ತಿಂಗಳಿಗೆ ಅಂತ ಫ್ರಿಜ್ಜಿನಲ್ಲಿ ಹುಣಸೆ ಗೊಜ್ಜಿನ ಪಕ್ಕ ಇಡುವವರಿದ್ದಾರೆ. ಕಲಸಿದ ಕ್ಷಣದಿಂದಲೇ ಅದು ಬಟ್ಟಲಲ್ಲೇ ಬಣ್ಣವಾಗಿ ಮುಗಿದುಹೋಗುತ್ತದೆ, ಮತ್ತೆ ಕೂದಲೊಳಗೆ ಇಳಿಯುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿಟ್ಟರೆ ಉಬ್ಬಿ ಸಿಡಿಯುವುದೂ ಉಂಟು. ಬೇಕಾದಷ್ಟೇ ಕಲಸಿ, ಉಳಿದದ್ದು ಚೆಲ್ಲಿ. ಚೆಲ್ಲಲು ಮನಸ್ಸಾಗದೆ ಮೀಸೆಗೆ, ಮೀಸೆ ಮುಗಿದರೆ ಹುಬ್ಬಿಗೆ ಬಳಿಯುವುದು ಇನ್ನೂ ಅಪಾಯ. ಹುಬ್ಬಿಗೆ ಹಚ್ಚಬೇಡಿ ಅಂತ ಡಬ್ಬಿಯ ಮೇಲೆ ಬರೆದಿರುವುದು ಸುಮ್ಮನೆ ಅಲ್ಲ, ಪಕ್ಕದಲ್ಲೇ ಕಣ್ಣಿದೆ.

ಮೂರು ವಾರದ ಸಾಲ ಬೇಡ ಅನ್ನುವವರಿಗೆ ಸಲೂನಿನಲ್ಲಿ ಡೆಮಿ ಪರ್ಮನೆಂಟ್ ಅಂತ ಒಂದು ಸಿಗುತ್ತದೆ. ಅಮೋನಿಯಾ ಇಲ್ಲದ, ಡೆವಲಪರ್ ಅನ್ನೋ ಪೆರಾಕ್ಸೈಡ್ ದ್ರವ ಸೌಮ್ಯವಾಗಿರುವ ಬಣ್ಣ. 20ರಿಂದ 28 ಸಲ ತಲೆ ತೊಳೆಯುವಷ್ಟರಲ್ಲಿ ತಾನಾಗಿ ಮಾಸುತ್ತದೆ. ವಾರಕ್ಕೆ ಎರಡು ಸಲ ತಲೆಸ್ನಾನ ಮಾಡುವವರಿಗೆ ಎರಡೂವರೆ, ಮೂರು ತಿಂಗಳು ಅನ್ನಿ. ಬಿಳಿಯನ್ನು ಪೂರ್ತಿ ಮುಚ್ಚದೆ ತೆಳು ಕಂದು ಮಾಡುತ್ತದೆ, ಅದೇ ಅದರ ಗುಣ. ಮಾಸುವಾಗ ಒಟ್ಟಿಗೆ ಮಾಸುವುದರಿಂದ ಗಡಿ ಏಳುವುದಿಲ್ಲ. ನರೆ ಮೂರನೇ ಒಂದು ಪಾಲು ದಾಟದವರಿಗೆ ಇದಕ್ಕಿಂತ ಸುಲಭದ್ದಿಲ್ಲ. "ಅಮೋನಿಯಾ ಇಲ್ಲ" ಅಂದರೆ "ಕೆಮಿಕಲ್ಲೇ ಇಲ್ಲ" ಅಂತ ಓದಿಕೊಳ್ಳಬೇಡಿ, ಅಷ್ಟೆ.

ಇನ್ನೊಂದು, ಎಳೆ ಎಳೆಯಾಗಿ ಬಣ್ಣ. ನರೆ ಜಾಸ್ತಿ ಇರುವವರಿಗೆ ನಡುನಡುವೆ ಗಾಢ ಎಳೆ ಸೇರಿಸುವುದು, ಕಡಿಮೆ ಇರುವವರಿಗೆ ಮುಂಭಾಗದಲ್ಲಿ ತೆಳು ಕಂದಿನ ಹೈಲೈಟ್ ಎಳೆಯುವುದು. ಬಿಳಿ ಬಂದರೂ ಹೈಲೈಟಿನ ಗುಂಪಿಗೆ ಸೇರಿಹೋಗುತ್ತದೆ, ಮೂರು ನಾಲ್ಕು ತಿಂಗಳು ಸಲೂನಿನ ಕಡೆ ತಲೆ ಹಾಕಬೇಕಿಲ್ಲ. ಎಳೆ ಸಣ್ಣದಾಗಿರಬೇಕು. ಹೆಬ್ಬೆರಳು ದಪ್ಪ ಬಂದರೆ ಊರ ಹೋರಿಗೆ ಬಣ್ಣ ಬಳಿದ ಹಾಗೆ. ಇಷ್ಟು ದಿನ ಮದರಂಗಿ, ನೀಲಿ ಸೊಪ್ಪಿನ ಪುಡಿ (ಇಂಡಿಗೊ) ಹಚ್ಚಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ನೀಲಿ ಕೂತ ಕೂದಲಿಗೆ ಬ್ಲೀಚ್ ಬಿದ್ದರೆ ಹಸಿರಾಗುತ್ತದೆ, ಮಲೆನಾಡಿನ ಹಸಿರು ತಲೆಗೆ ಚೆನ್ನಾಗಿ ಕಾಣುವುದಿಲ್ಲ.

ಮದರಂಗಿ ವಿಷಯಕ್ಕೆ ಬಂದರೆ ಚಿಕ್ಕಮಗಳೂರಿನ ಕಡೆ ಒಂದು ನಂಬಿಕೆ, ಕಾಫಿ ಡಿಕಾಕ್ಷನ್ ಹಾಕಿ ಕಲಸಿದರೆ ಕೂದಲು ಕಪ್ಪಾಗುತ್ತದೆ ಅಂತ. ಸುತ್ತ ತೋಟವೇ ಇರುವಾಗ ಹಾಗನ್ನಿಸುವುದು ಸಹಜ. ಡಿಕಾಕ್ಷನ್ನಿನ ಬಣ್ಣ ಕೂದಲ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ, ಎರಡು ತೊಳೆತಕ್ಕೆ ಇಳಿದುಹೋಗುತ್ತದೆ. ಫಸ್ಟ್ ಡಿಕಾಕ್ಷನ್ ಕುಡಿಯುವುದೇ ಲಾಭ. ಮದರಂಗಿ ಸೊಪ್ಪಿನಲ್ಲಿರುವುದು ಕೆಂಪು ಮಿಶ್ರಿತ ಕಿತ್ತಳೆ ಬಣ್ಣ. ಅದನ್ನು ಎಷ್ಟು ಕಬ್ಬಿಣದ ಬಾಣಲೆಯಲ್ಲಿ ನೆನೆಸಿದರೂ ಕಪ್ಪು ಹುಟ್ಟುವುದಿಲ್ಲ. "ಕಪ್ಪು ಮೆಹಂದಿ, ಅರ್ಧ ಗಂಟೆ" ಅಂತ ಬರೆದ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ ಅನ್ನೋ ಡೈ, ಸೊಪ್ಪು ಹೆಸರಿಗೆ.

ಸೊಪ್ಪಿನಿಂದಲೇ ಕಪ್ಪು ಬೇಕೆಂದರೆ ಎರಡು ಸುತ್ತಿನ ಕೆಲಸ. ಹೆಗಲುದ್ದದ ಕೂದಲಿಗೆ 100 ಗ್ರಾಂ ಮದರಂಗಿ ಪುಡಿ, ಒಂದು ನಿಂಬೆ ರಸ, ಉಗುರುಬೆಚ್ಚಗಿನ ನೀರು; ದೋಸೆ ಹಿಟ್ಟಿಗಿಂತ ಚೂರು ಗಟ್ಟಿ. ರಾತ್ರಿ ಕಲಸಿ ಬೆಳಿಗ್ಗೆ ಹಚ್ಚುವುದು. ಡಿಸೆಂಬರಿನ ಚಳಿಗೆ ಬಣ್ಣ ಬಿಡುವುದು ನಿಧಾನ, ಇಡ್ಲಿ ಹಿಟ್ಟು ಹುದುಗಲು ಇಡುವ ಬೆಚ್ಚಗಿನ ಮೂಲೆಯಲ್ಲೇ ಇದನ್ನೂ ಇಡಿ, ಡಬ್ಬಿ ಅದಲುಬದಲಾಗದ ಹಾಗೆ. ಎರಡರಿಂದ ಮೂರು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆದರೆ ಬಿಳಿ ಎಲ್ಲ ಕಿತ್ತಳೆ. ಇಲ್ಲಿಗೆ ನಿಲ್ಲಿಸಿ ಗಾಬರಿಯಾದವರೇ ಜಾಸ್ತಿ. ಆಮೇಲೆ 100 ಗ್ರಾಂ ನೀಲಿ ಸೊಪ್ಪಿನ ಪುಡಿಗೆ ಬೆಚ್ಚಗಿನ ನೀರು, ಚಿಟಿಕೆ ಉಪ್ಪು. ನಿಂಬೆ, ಮೊಸರು ಇದರ ಹತ್ತಿರ ಸುಳಿಯಬಾರದು. ಇದನ್ನು ರಾತ್ರಿಯಿಡೀ ನೆನೆಸಿದರೆ ಸತ್ತುಹೋಗುತ್ತದೆ, ಹದಿನೈದು ನಿಮಿಷ ಬಿಟ್ಟು ತಕ್ಷಣ ಹಚ್ಚಬೇಕು, ಒಂದೂವರೆ ಗಂಟೆ ಇಡಬೇಕು. ತೊಳೆದ ದಿನ ಕೂದಲು ಹಸಿರು ನೀಲಿ ಹೊಡೆಯುತ್ತದೆ, ಗಾಳಿ ತಾಗುತ್ತಾ ಎರಡು ದಿನಕ್ಕೆ ಕಪ್ಪಾಗುತ್ತದೆ. ಆ ಎರಡು ದಿನ ಶಾಂಪೂ, ಸೀಗೆಕಾಯಿ ಎರಡೂ ಇಲ್ಲ. ಹಾಗಾಗಿ ಶನಿವಾರ ಮದುವೆ ಇದ್ದರೆ ಬುಧವಾರವೇ ಹಚ್ಚಿ ಮುಗಿಸಿ. ಇಷ್ಟೆಲ್ಲ ಹೊತ್ತು ಯಾರಿಗಿದೆ ಅನ್ನುವವರು, ನರೆ ಅಲ್ಲೊಂದು ಇಲ್ಲೊಂದು ಇದ್ದರೆ, ಮದರಂಗಿಯೊಂದನ್ನೇ ಹಚ್ಚಿ ಬಿಡಬಹುದು. ಕಪ್ಪಿನ ನಡುವೆ ನಾಲ್ಕು ಕೆಂಪೆಳೆ ದುಡ್ಡು ಕೊಟ್ಟ ಹೈಲೈಟಿನಂತೆಯೇ ಕಾಣುತ್ತವೆ.

ಗಡಿಬಿಡಿಯವರಿಗೆ ಕೂದಲ ಬುಡಕ್ಕೆ ಒತ್ತುವ ಬಣ್ಣದ ಪುಡಿ, ಕಡ್ಡಿ ಇವೆ. ಎರಡು ನಿಮಿಷದ ಕೆಲಸ, ಮುಂದಿನ ಸ್ನಾನದವರೆಗೆ ಬಾಳಿಕೆ. ಆದರೆ ಅದು ಫ್ಯಾನಿನ ಕೆಳಗೆ ಕೂರುವವರ ಸಾಮಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ ಮಳೆಯಲ್ಲಿ ಅದು ಕೊಡೆಯೊಳಗೂ ಹಣೆಗಿಳಿಯುತ್ತದೆ. ದೀಪಾವಳಿಗೆ ಹಾಸನಾಂಬೆಯ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವವರು, ನರಕ ಚತುರ್ದಶಿಗೆ ಬರಿಗಾಲಲ್ಲಿ ದೇವಿರಮ್ಮನ ಬೆಟ್ಟ ಹತ್ತುವವರು ಪುಡಿ ಹಚ್ಚಿಕೊಂಡು ಹೊರಟರೆ ಬೆವರು ಕರಿ ಸಾಲಾಗಿ ಕೆನ್ನೆಗೆ ಬರುತ್ತದೆ. ದೇವಿ ಕಣ್ಣಿಗೆ ಬೀಳುವ ಮೊದಲು ಹಿಂದೆ ನಿಂತವರ ಕಣ್ಣಿಗೆ ಬೀಳುತ್ತೀರಿ.

ಕಿತ್ತುಬಿಡೋಣ ಅನ್ನುವವರಿಗೆ: ಒಂದು ಕಿತ್ತರೆ ಏಳು ಹುಟ್ಟುವುದು ಬಾಬಾ ಬುಡನ್ ತಂದರು ಅನ್ನುವ ಏಳು ಕಾಫಿ ಬೀಜದ ಕಥೆಗೆ ಸರಿ, ಕೂದಲಿಗಲ್ಲ. ಒಂದು ಬುಡದಲ್ಲಿ ಬರುವುದು ಒಂದೇ. ಅದೂ ಬಿಳಿಯೇ ಬರುತ್ತದೆ, ಯಾಕೆಂದರೆ ಬಣ್ಣ ಮಾಡುವ ಕೋಶ ಬುಡದಲ್ಲೇ ಕೆಲಸ ನಿಲ್ಲಿಸಿದೆ. ಪದೇ ಪದೇ ಕಿತ್ತರೆ ಬುಡ ಕೆಟ್ಟು ಅದೂ ಬರದೆ ಹೋಗಬಹುದು. ಶ್ರವಣಬೆಳಗೊಳದ ಮುನಿಗಳ ಕೇಶಲೋಚ ವ್ರತ, ನಮ್ಮದು ಕನ್ನಡಿ ಮುಂದಿನ ಚಟ. ಇನ್ನೂ ಇಪ್ಪತ್ತೈದು ತುಂಬದ ಹುಡುಗ ಹುಡುಗಿಯರಿಗೆ ನರೆ ಬಂದರೆ ಬಣ್ಣದಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ ಬಿ12, ಥೈರಾಯ್ಡ್ ನೋಡಿಸುವುದು ಒಳ್ಳೆಯದು.

ತಮಾಷೆ ಮಾಡಲಾಗದ ಒಂದು ಮಾತಿದೆ. ಪಿಪಿಡಿ ಇರುವ ಯಾವ ಡೈ ಆದರೂ ಕಿವಿ ಹಿಂದೆಯೋ ಮೊಣಕೈ ಒಳಬದಿಗೋ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಬೇಕು. "ಹತ್ತು ವರ್ಷದಿಂದ ಹಚ್ತಿದೀನಿ, ಏನೂ ಆಗಿಲ್ಲ" ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ, ಈ ಅಲರ್ಜಿ ಹನ್ನೊಂದನೇ ವರ್ಷವೂ ಶುರುವಾಗಬಹುದು. ತುರಿಕೆ, ಕೆಂಪು ಕಂಡರೆ ಆ ಪ್ಯಾಕೆಟ್ಟಿಗೆ ಕೈಮುಗಿಯಿರಿ. ಒಮ್ಮೆ ರೆಪ್ಪೆ ಊದಿ ಕಣ್ಣು ಮುಚ್ಚಿಹೋದರೆ ಆಸ್ಪತ್ರೆಯೇ ದಾರಿ.

ಎಲ್ಲ ಬಿಟ್ಟು ಬಿಳಿಗೇ ಶರಣು ಅನ್ನುವವರಿಗೆ ದಾರಿ ಉದ್ದ, ಕೆಲಸ ಕಡಿಮೆ. ಗಂಡಸರಿಗೆ ಎರಡು ಮೂರು ಕಟಿಂಗ್‌ನಲ್ಲಿ ಮುಗಿಯುತ್ತದೆ. ವರ್ಷಕ್ಕೆ 15 ಸೆಂಟಿಮೀಟರ್ ಲೆಕ್ಕದಲ್ಲಿ ಹೆಗಲುದ್ದದ ಕೂದಲಿಗೆ ಎರಡು ವರ್ಷ, ಗಡಿಯ ಹತ್ತಿರ ಒಂದೆರಡು ಸಲ ಗಾಢ ಎಳೆ ಹಾಕಿಸಿದರೆ ನಡುವಿನ ಕಾಲ ಸಲೀಸು. ಅರಸೀಕೆರೆ ಕಡೆಯ ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶ ಇದ್ದರೆ ಬೆಳ್ಳಿ ಅನ್ನಿಸಬೇಕಾದ ಕೂದಲು ಹಳದಿಗೆ ತಿರುಗುತ್ತದೆ. ಅದಕ್ಕೆ ವಾರಕ್ಕೊಮ್ಮೆ ನೇರಳೆ ಬಣ್ಣದ ಶಾಂಪೂ, ಎರಡು ಮೂರು ನಿಮಿಷ ಬಿಟ್ಟು ತೊಳೆಯುವುದು. ಮರೆತು ಹೆಚ್ಚು ಹೊತ್ತು ಬಿಟ್ಟರೆ ತಲೆ ನೇರಳೆ ಛಾಯೆ ಹೊಡೆಯುತ್ತದೆ. ಮೂರೇ ನಿಮಿಷದ ಕೆಲಸ, ಆದರೂ ಭಾನುವಾರ ಬೆಳಿಗ್ಗೆ ಮಾತ್ರ ಬೇಡ.