ನೋಟರಿ ಸಹಿಗೆ ಸಾಕ್ಷಿ ಕರೆಸುವ ಅಧಿಕಾರ: ಟೆಕ್ಸಾಸ್ ರೀತಿ, ನಮ್ಮ ರೀತಿ

ಹ್ಯೂಸ್ಟನ್‌ನಲ್ಲಿ ನಾನಿರುವುದು ಒಂದು ಕ್ಲಿನಿಕ್‌ನ ರೆಕಾರ್ಡ್ ವಿಭಾಗದಲ್ಲಿ. ರೋಗಿಗಳ ದಾಖಲೆ ಕೇಳಿ ಸಬ್‌ಪೀನಾ, ಅಂದರೆ ಸಾಕ್ಷಿಯನ್ನೋ ದಾಖಲೆಯನ್ನೋ ತರಿಸುವ ಆದೇಶ, ಬರುತ್ತಲೇ ಇರುತ್ತದೆ. ತಲೆಯ ಮೇಲೆ ‘ದಿ ಸ್ಟೇಟ್ ಆಫ್ ಟೆಕ್ಸಾಸ್’, ನಡುವೆ ಕೇಸ್ ನಂಬರು, ಬೇಕಾದ ಕಾಗದಗಳ ಪಟ್ಟಿ. ಕೆಳಗಿನ ಸಹಿ ಎಷ್ಟೋ ಸಲ ಜಡ್ಜ್‌ದೂ ಅಲ್ಲ, ಕೋರ್ಟ್ ಕ್ಲರ್ಕ್‌ದೂ ಅಲ್ಲ, ಒಬ್ಬ ನೋಟರಿಯದು. ಊರಿನ ವಕೀಲ ಗೆಳೆಯರು ಇದನ್ನು ನಂಬುವುದೇ ಇಲ್ಲ. ನಮ್ಮಲ್ಲಿ ನೋಟರಿ ಅಂದರೆ ಅಫಿಡವಿಟ್‌ಗೆ ಸೀಲು ಹಾಕುವವರು, ಅಲ್ವಾ?

ಟೆಕ್ಸಾಸ್‌ನ ಸಿವಿಲ್ ನಿಯಮ 176 ಈ ಅಧಿಕಾರವನ್ನು ಕ್ಲರ್ಕ್‌ಗೆ, ವಕೀಲರಿಗೆ, ಜೊತೆಗೆ ಡೆಪೊಸಿಷನ್ (ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವುದು) ನಡೆಸಬಲ್ಲವರಿಗೂ ಕೊಟ್ಟಿದೆ. ನೋಟರಿ ಸೇರುವುದು ಈ ಕೊನೆಯ ಸಾಲಿನಲ್ಲಿ. ಡೆಪೊಸಿಷನ್ ನೋಟಿಸ್ ಜೊತೆಗಿಟ್ಟು ಕೇಳಿದರೆ ಅವರು ತಕ್ಷಣ ಸಬ್‌ಪೀನಾ ಕೊಡಲೇಬೇಕು. ಆದರೆ ಹೊಸ ದಾವೆಯಲ್ಲಿ ಪ್ರತಿವಾದಿಯನ್ನು ಕರೆಯುವ ಕಾಗದ ಕ್ಲರ್ಕ್ ಕಡೆಯಿಂದಲೇ ಹೋಗಬೇಕು.

ನನಗೆ ಹಿಡಿಸಿದ್ದು ಈ ವೇಗವಲ್ಲ, ಅದಕ್ಕೆ ಹಾಕಿರುವ ಲಗಾಮು. ಸಾಕ್ಷಿಗೆ ದಿನಕ್ಕೆ 10 ಡಾಲರ್ ಫೀ ಕೊಡಬೇಕು. ಸಾಕ್ಷಿ ಇರುವಲ್ಲಿಂದ 150 ಮೈಲಿಗಿಂತ ದೂರದ ಕೌಂಟಿಗೆ ಕರೆಸುವಂತಿಲ್ಲ. ಪಾಲಿಸದಿದ್ದರೆ ಏನಾಗುತ್ತದೆ ಅನ್ನುವುದು ಆ ಕಾಗದದ ಮೇಲೇ ಅಚ್ಚಾಗಿರುತ್ತದೆ. ಶಿಕ್ಷೆ ಕೊಡುವ ಅಧಿಕಾರ ಮಾತ್ರ ಕೋರ್ಟಿನದು. ಗಡುವಿನೊಳಗೆ ರಕ್ಷಣೆ ಕೇಳಿ ಅರ್ಜಿ ಹಾಕಿದರೆ, ಕೋರ್ಟ್ ಹೇಳುವವರೆಗೆ ಆ ದಾಖಲೆ ಕೊಡಬೇಕಾಗಿಲ್ಲ.

ಕರ್ನಾಟಕದಲ್ಲಿ ಸಮನ್ಸ್ ಅಂದರೆ ಕೋರ್ಟಿನ ಸೀಲು ಬೇಕೇ ಬೇಕು. ಜಡ್ಜ್ ಅಥವಾ ಅವರು ನೇಮಿಸಿದ ಅಧಿಕಾರಿಯ ಸಹಿ ಇರಬೇಕು. ಒಂದು ಆಸ್ಪತ್ರೆಯ ಕೇಸ್ ಶೀಟ್ ತರಿಸಬೇಕಾದರೂ ಅರ್ಜಿ, ಪ್ರೊಸೆಸ್ ಫೀ, ಸಾಕ್ಷಿ ಬತ್ತೆ. ಸಮನ್ಸ್ ತಲುಪಿಸುವ ಅಮೀನರು ಹೋದಾಗ ಸಂಬಂಧಪಟ್ಟವರು ಸಿಗದಿದ್ದರೆ ಮತ್ತೊಂದು ತಾರೀಖು.

ಹಾಗಂತ ಟೆಕ್ಸಾಸ್ ನಿಯಮವನ್ನು ಹಾಗೇ ತಂದು ಕೂರಿಸಬೇಕು ಎಂದು ನಾನು ಹೇಳುವುದಿಲ್ಲ. ಟೆಕ್ಸಾಸ್‌ನಲ್ಲಿ ನೋಟರಿ ವಕೀಲರೇ ಆಗಿರಬೇಕೆಂದೇನೂ ಇಲ್ಲ, ದಾಖಲೆ ನಿಜವಾಗಿ ಬೇಕಾ ಎಂದು ಅವರು ನೋಡುವುದೂ ಇಲ್ಲ. ತಕರಾರು ಅರ್ಜಿಯೇ ತಿಂಗಳುಗಟ್ಟಲೆ ಕಾಯುವ ನಮ್ಮ ಕಡೆ, ಕೆಂಪು ಸೀಲು ಕಂಡ ಗುಮಾಸ್ತರು ಹೆದರಿ ರೋಗಿಯ ಗುಟ್ಟನ್ನೆಲ್ಲ ಕೊಟ್ಟುಬಿಟ್ಟಾರು.

ನಮ್ಮ ಕಾನೂನಿನಲ್ಲೇ ಇದಕ್ಕಿಂತ ಒಳ್ಳೆಯ ದಾರಿಯಿದೆ. ನಮ್ಮಲ್ಲಿ ವಕೀಲರು ನೋಟರಿ ಆಗಬೇಕಾದರೆ ಸಾಮಾನ್ಯವಾಗಿ 10 ವರ್ಷ ಪ್ರಾಕ್ಟೀಸ್ ಮಾಡಿರಬೇಕು. 1952ರ ನೋಟರಿ ಕಾಯ್ದೆಗೆ 1999ರಲ್ಲಿ ತಿದ್ದುಪಡಿ ಆಯಿತು. ಅದರಂತೆ, ಕೋರ್ಟ್ ಹೇಳಿದರೆ ನೋಟರಿಗಳು ಕಮಿಷನರ್ ಆಗಿ, ಅಂದರೆ ಕೋರ್ಟಿನ ಪರವಾಗಿ, ಸಾಕ್ಷ್ಯ ದಾಖಲಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 26, ರೂಲ್ 17ರ ಪ್ರಕಾರ ಸಾಕ್ಷಿಗಳನ್ನು ಕರೆಸುವ ವಿಷಯದಲ್ಲಿ ಕಮಿಷನರ್ ಸಿವಿಲ್ ಕೋರ್ಟಿಗೆ ಸಮಾನ. ಅವರು ಜಡ್ಜ್ ಆಗಿರದಿದ್ದರೆ ದಂಡ ಹಾಕುವ ಅಧಿಕಾರ ಮಾತ್ರ ಅವರನ್ನು ನೇಮಿಸಿದ ಕೋರ್ಟಿನ ಕೈಯಲ್ಲೇ ಉಳಿಯುತ್ತದೆ. ಅಂದರೆ ಇದಕ್ಕಾಗಿ ಹೊಸ ಕಾನೂನು ಬೇಕಿಲ್ಲ. ನಮ್ಮ ಜಿಲ್ಲಾ ನ್ಯಾಯಾಲಯಗಳು ಇಂಥ ಅನುಭವಿ ನೋಟರಿಗಳನ್ನು ಹೆಚ್ಚು ಹೆಚ್ಚಾಗಿ ಕಮಿಷನರ್ ಮಾಡಲಿ. ಅವರು ಕಳಿಸುವ ಸಮನ್ಸ್‌ನ ಮೇಲೆ, ಯಾವ ಕೋರ್ಟಿನ ಆದೇಶದಿಂದ ಕರೆಯುತ್ತಿದ್ದಾರೆ, ತಕರಾರಿದ್ದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಲಿ.