ಪೊರಕೆಗೊಂದು ಪೊರಕೆ

ಹೊಸ ಲ್ಯಾಪ್‌ಟಾಪು ಡಬ್ಬದಿಂದ ಹೊರಬಂದು ಒಂದು ಗಂಟೆಯೂ ಆಗಿರಲಿಲ್ಲ. ಅದರಲ್ಲಿ ನಾನು ಒಂದಕ್ಷರ ಬರೆದಿರಲಿಲ್ಲ, ಒಂದು ಫೋಟೊ ತುಂಬಿರಲಿಲ್ಲ. ಬ್ರೌಸರನ್ನು ಒಮ್ಮೆ ತೆರೆದು ಮುಚ್ಚಿದ್ದೆ, ಅಷ್ಟೆ. ಪರದೆಯ ಬಲಮೂಲೆಯಿಂದ ಪೆಟ್ಟಿಗೆಯೊಂದು ಮೆಲ್ಲಗೆ ಮೇಲೆದ್ದು, ‘ನಿಮ್ಮ ಕಂಪ್ಯೂಟರಿನಲ್ಲಿ 1,247 ಸಮಸ್ಯೆಗಳಿವೆ’ ಎಂದಿತು. ಈಗಷ್ಟೇ ಹುಟ್ಟಿದ ಕೂಸಿಗೆ ಮಂಡಿನೋವು, ಮಧುಮೇಹ, ಕಣ್ಣಿನ ಪೊರೆ ಎಲ್ಲ ಇದೆ ಅಂದ ಹಾಗೆ. ರೋಗದ ಪಟ್ಟಿ ಉಚಿತ. ಔಷಧಿಗೆ ಮಾತ್ರ ವರ್ಷಕ್ಕೊಮ್ಮೆ ಚಂದಾ ಕಟ್ಟಬೇಕು.

ಗಾಬರಿಯಿಂದ ಪಟ್ಟಿ ಬಿಚ್ಚಿದೆ. ಒಂದಷ್ಟು ‘ಟ್ರ್ಯಾಕಿಂಗ್ ಕುಕೀ’ಗಳು, ಅಂದರೆ ಜಾಲತಾಣಗಳು ಬ್ರೌಸರಿನ ಜೇಬಿಗೆ ತುರುಕಿ ಹೋದ ಪುಟ್ಟ ಚೀಟಿಗಳು. ನಮ್ಮ ಬೆನ್ನು ಹತ್ತುವ ಚಾಳಿ ಅವಕ್ಕೆ ಇದೆ, ನಿಜ. ಆದರೆ ಚೀಟಿಯ ಭಾರಕ್ಕೆ ಕಂಪ್ಯೂಟರು ಕುಂಟುವುದಿಲ್ಲ. ಮಿಕ್ಕಿದ್ದೆಲ್ಲ ‘ರಿಜಿಸ್ಟ್ರಿ ದೋಷ’. ರಿಜಿಸ್ಟ್ರಿ ಅಂದರೆ ವಿಂಡೋಸು ತನ್ನ ಹಾಗೂ ತನ್ನ ಮೇಲೆ ಓಡುವ ತಂತ್ರಾಂಶಗಳ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ದಫ್ತರ. ಲಕ್ಷಗಟ್ಟಲೆ ನಮೂದುಗಳಿರುವ ದಫ್ತರದಲ್ಲಿ ಸಾವಿರ ಸಾಲು ಅನಾಥವಾಗಿ ಬಿದ್ದಿದ್ದರೆ ಆನೆಯ ಬೆನ್ನ ಮೇಲೆ ನೊಣ ಕೂತಷ್ಟೇ ಭಾರ. ಈ ‘ರಿಜಿಸ್ಟ್ರಿ ಕ್ಲೀನರ್’ಗಳಿಗೆ ತನ್ನ ಬೆಂಬಲವಿಲ್ಲ, ಅವು ಏನಾದರೂ ಕೆಡಿಸಿದರೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾದೀತು ಎಂದು ಮೈಕ್ರೋಸಾಫ್ಟೇ ಹೇಳಿಬಿಟ್ಟಿದೆ. ಮನೆಯ ಯಜಮಾನನೇ ಬೇಡ ಅಂದ ಮೇಲೂ ಗುಡಿಸುವವರು ಕೇಳಬೇಕಲ್ಲ. ಪಟ್ಟಿಯ ಮುಂದೆ ಕೆಂಪಕ್ಷರದಲ್ಲಿ ‘ಅತಿ ಗಂಭೀರ’ ಎಂದು ಬರೆದಿತ್ತು. ಕೆಂಪು ಬಣ್ಣಕ್ಕೆ ಪುರಾವೆ ಕೇಳುವ ಧೈರ್ಯ ಯಾರಿಗಿದೆ?

ಇಂಥ ತಪಾಸಣೆಗಳ ಒಳಗುಟ್ಟು ಅಮೆರಿಕದಲ್ಲಿ ಒಮ್ಮೆ ಪೂರಾ ಬಯಲಾಯಿತು. ಆಫೀಸ್ ಡಿಪೋ ಎಂಬ ದೊಡ್ಡ ಮಳಿಗೆ ಸರಣಿ ಗಿರಾಕಿಗಳ ಕಂಪ್ಯೂಟರುಗಳಿಗೆ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಪರೀಕ್ಷೆ ಮಾಡುತ್ತಿತ್ತು. ಶುರುವಿನಲ್ಲೇ ನಾಲ್ಕು ಪ್ರಶ್ನೆ. ಕಂಪ್ಯೂಟರು ನಿಧಾನವಾಗಿದೆಯೇ, ಆಗಾಗ ನಿಂತುಹೋಗುತ್ತದೆಯೇ, ಹೀಗೆ. ನಾಲ್ಕರಲ್ಲಿ ಒಂದಕ್ಕೆ ‘ಹೌದು’ ಎಂದು ಟಿಕ್ ಬಿದ್ದರೂ ಮುಗಿಯಿತು, ಸೋಂಕಿನ ಲಕ್ಷಣ ಕಂಡಿದೆ ಎಂಬ ವರದಿ ಹೊರಬೀಳುತ್ತಿತ್ತು. ಪಟ್ಟಿ ಓಡಿದ್ದು, ಶೇಕಡಾವಾರು ಏರಿದ್ದು, ಫ್ಯಾನು ಸುಯ್‌ಗುಟ್ಟಿದ್ದು ಯಾವುದಕ್ಕೂ ಆ ತೀರ್ಪಿಗೂ ಸಂಬಂಧವಿರಲಿಲ್ಲ. ಜ್ಯೋತಿಷಿಯಾದರೂ ಜಾತಕ ಬಿಡಿಸಿ ಬೆರಳು ಮಡಚುತ್ತಾನೆ, ಇಲ್ಲಿ ‘ಹೊಟ್ಟೆನೋವೇ?’ ಎಂದು ಕೇಳಿ, ‘ಹೌದು’ ಎಂದವನಿಗೆ ‘ಆಪರೇಷನ್’ ಎಂದುಬಿಡುವುದು. 2019ರಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದು ಆಫೀಸ್ ಡಿಪೋ ಮತ್ತು ಆ ತಂತ್ರಾಂಶ ಒದಗಿಸಿದ ಸಪೋರ್ಟ್.ಕಾಮ್ ಸೇರಿ ಮೂರೂವರೆ ಕೋಟಿ ಡಾಲರ್ ಕಕ್ಕಿದವು. ನಿಧಾನ ಅನ್ನಿಸಿದ್ದಕ್ಕೇ ತಾನೇ ಜನ ಕಂಪ್ಯೂಟರನ್ನು ಹೊತ್ತು ಅಂಗಡಿಗೆ ಹೋಗುವುದು! ಹಾಗಿರುವಾಗ ‘ಹೌದು’ ಅನ್ನದವರು ಎಷ್ಟು ಮಂದಿ ಇದ್ದಾರು?

ನನ್ನ ಪೆಟ್ಟಿಗೆಯ ಸಂಗತಿಗೆ ಬರೋಣ. ಅದನ್ನು ನಾನು ಕರೆದಿರಲಿಲ್ಲ. ಲ್ಯಾಪ್‌ಟಾಪು ತಯಾರಿಸಿದವರೇ ದುಡ್ಡಿಗೆ ಜಾಗ ಬಾಡಿಗೆ ಕೊಟ್ಟು ಕೂರಿಸಿದ್ದರು. ಮನೆ ಕೊಂಡದ್ದು ನಾನು, ಬಾಡಿಗೆದಾರ ಮಾತ್ರ ಅವರವನು. ಇದು ಬಿಟ್ಟರೆ ಇನ್ನೊಂದು ದಾರಿ ಇದೆ, ಮದುವೆಗೆ ಬಂದವರ ಹಿಂದೆ ಬಂದವರ ಹಾಗೆ ಬೇರೊಂದರ ಬೆನ್ನಿಗೆ ಅಂಟಿಕೊಂಡು ಬರುವುದು. ಈ ಕಲೆಯ ಕಳಶವೆಂದರೆ ಜಾವಾ, ಬೇರೆ ಕೆಲವು ತಂತ್ರಾಂಶಗಳು ಓಡಲು ಬೇಕಾಗುವ ತಂತ್ರಾಂಶ. ಭದ್ರತೆಯ ತೂತು ಮುಚ್ಚಲು ಒರಾಕಲ್ ಕಂಪನಿ ಆಗಾಗ ಅಪ್‌ಡೇಟ್ ಕಳಿಸುತ್ತಿತ್ತು, ಜೊತೆಗೇ ‘ಆಸ್ಕ್ ಟೂಲ್‌ಬಾರ್’ ಎಂಬ ಹುಡುಕಾಟದ ಪಟ್ಟಿಯನ್ನೂ ಹಾಕಲೇ ಎಂಬ ಚೌಕ. ಚೌಕಕ್ಕೆ ಮೊದಲೇ ಟಿಕ್ ಹಾಕಿ ಇಟ್ಟಿರುತ್ತಿದ್ದರು, ನಮಗೆ ಆ ಶ್ರಮವೂ ಬೇಡವೆಂದು. ಅವಸರದಲ್ಲಿ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿದವರ ಬ್ರೌಸರಿನ ನೆತ್ತಿಯ ಮೇಲೆ ಟೂಲ್‌ಬಾರು ಬಂದು ಕೂರುತ್ತಿತ್ತು. ಅದೂ ತಕ್ಷಣ ಅಲ್ಲ, ಸುಮಾರು ಹತ್ತು ನಿಮಿಷ ತೆಪ್ಪಗಿದ್ದು, ನೀವು ತಂತ್ರಾಂಶಗಳ ಪಟ್ಟಿ ತೆರೆದು ‘ಸದ್ಯ, ಏನೂ ಬಂದಿಲ್ಲ’ ಎಂದು ನಿಟ್ಟುಸಿರು ಬಿಟ್ಟಾದ ಮೇಲೆ. ಬೀಗ ರಿಪೇರಿಗೆ ಬಂದವನು ಹೋಗುವಾಗ ತನ್ನ ಭಾವಮೈದುನನನ್ನು ಅಟ್ಟದ ಮೇಲೆ ಬಿಟ್ಟುಹೋದರೆ ಹೀಗೇ ಇರುತ್ತದೆ.

ಇಂಥವನ್ನು ಏನೆಂದು ಕರೆಯಬೇಕು? ವೈರಸ್ ಎನ್ನುವ ಹಾಗಿಲ್ಲ, ಏಕೆಂದರೆ ನೀವೇ ‘ಒಪ್ಪಿದ್ದೇನೆ’ ಎಂದು ಒತ್ತಿದ್ದೀರಿ. ಹಾಗೆಂದು ಬೇಕಾದದ್ದು ಅನ್ನಲೂ ಬಾಯಿ ಬರುವುದಿಲ್ಲ. ಆಂಟಿವೈರಸ್ ಜನ ತಲೆ ಕೆರೆದುಕೊಂಡು ಹುಟ್ಟಿಸಿದ ಹೆಸರು ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಪ್ರೋಗ್ರಾಂ’. ಕನ್ನಡದಲ್ಲಿ ‘ಪ್ರಾಯಶಃ ಬೇಡವಾಗಿರಬಹುದಾದ ತಂತ್ರಾಂಶ’ ಎನ್ನಬಹುದೇನೋ. ಕಾಲಿಗೆ ಚುಚ್ಚಿದ ಮುಳ್ಳನ್ನು ‘ಪಾದಕ್ಕೆ ಸಂಭಾವ್ಯವಾಗಿ ಅನಪೇಕ್ಷಿತ ವಸ್ತು’ ಎಂದ ಹಾಗೆ. ಈ ವಿನಯ ಬರೀ ಸಂಸ್ಕಾರದಿಂದ ಬಂದದ್ದೆಂದು ತಿಳಿಯಬೇಡಿ. ಜಾಂಗೋ ಎಂಬ ಜಾಹೀರಾತು ತಂತ್ರಾಂಶದ ಕಂಪನಿ, ತನ್ನ ಸರಕನ್ನು ತಡೆದದ್ದಕ್ಕಾಗಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಮೇಲೆ 2007ರಲ್ಲಿ ಮೊಕದ್ದಮೆಯನ್ನೇ ಹೂಡಿತ್ತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಪರ್‌ಸ್ಕಿಯ ಪರವಾಗಿ ತೀರ್ಪು ಕೊಟ್ಟಿತು, ಅದು ಬೇರೆ ಮಾತು. ಆದರೆ ಕೋರ್ಟಿನ ಮೆಟ್ಟಿಲು ಒಮ್ಮೆ ಹತ್ತಿದವರು ವಿಶೇಷಣಗಳನ್ನು ಅಳೆದು ತೂಗಿಯೇ ಬಳಸುತ್ತಾರೆ.

ಹೆಸರು ಏನಾದರೂ ಇರಲಿ, ಓಡಿಸೋಣ ಎಂದು ಕೂತೆ. ಸೆಟ್ಟಿಂಗ್ಸ್, ಆ್ಯಪ್ಸ್, ಅನ್‌ಇನ್‌ಸ್ಟಾಲ್. ಬರುವಾಗ ಒಂದು ಮಾತೂ ಕೇಳದವನಿಗೆ ಹೋಗುವಾಗ ಎಲ್ಲಿಲ್ಲದ ಮಾತು. ಮೊದಲು, ‘ನಿಜವಾಗಿಯೂ ನಮ್ಮನ್ನು ತೆಗೆಯಬೇಕೇ?’ ಹೌದು ಎಂದೆ. ‘ತೆಗೆದರೆ ನಿಮ್ಮ ಕಂಪ್ಯೂಟರು ಅಪಾಯದಲ್ಲಿರುತ್ತದೆ.’ ಇರಲಿ ಎಂದೆ. ಆಮೇಲೆ ಎರಡು ಗುಂಡಿ: ಹಸಿರು ಬಣ್ಣದಲ್ಲಿ ಅಂಗೈಯಗಲದ ‘ಇಟ್ಟುಕೊಳ್ಳುತ್ತೇನೆ’, ಅದರ ಕೆಳಗೆ ಬೂದು ಬಣ್ಣದಲ್ಲಿ, ಇರುವೆ ಬರೆದಂಥ ಅಕ್ಷರದಲ್ಲಿ ‘ಅಪಾಯ ಗೊತ್ತಿದ್ದೂ ಮುಂದುವರಿಯುತ್ತೇನೆ’. ಬೂದು ಒತ್ತಿದೆ. ‘ಹೋಗುವ ಮುನ್ನ ಅರ್ಧ ಬೆಲೆಗೆ?’ ಬೇಡ. ‘ಮೂರು ತಿಂಗಳು ಪುಕ್ಕಟೆ?’ ಬೇಡಪ್ಪ. ಕೊನೆಗೊಂದು ಸಮೀಕ್ಷೆ, ನಮ್ಮನ್ನು ಬಿಡುತ್ತಿರುವ ಕಾರಣ ತಿಳಿಸಿ ಎಂದು. ಬೆಲೆ ಜಾಸ್ತಿ, ಬಳಸಲು ಕಷ್ಟ, ಬೇರೆ ಉತ್ಪನ್ನ ಸಿಕ್ಕಿದೆ. ‘ನಿನ್ನನ್ನು ಕರೆದವರು ಯಾರು?’ ಎಂಬ ಆಯ್ಕೆ ಮಾತ್ರ ಅದರಲ್ಲಿರಲಿಲ್ಲ. ‘ಇತರೆ’ ಒತ್ತಿದರೆ ಕಡ್ಡಾಯವಾಗಿ ಇಪ್ಪತ್ತಕ್ಷರವಾದರೂ ಬರೆಯಬೇಕಂತೆ. ಬರೆದೆ. ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಪಟ್ಟಿಯಿಂದ ಹೆಸರು ಹೋಯಿತು, ಪೆಟ್ಟಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅದೇ ಮೂಲೆಯಿಂದ ಅದೇ ಮುಖ. ಕಂಪನಿಯ ಸಹಾಯ ಪುಟ ನೋಡಿದರೆ, ಪೂರ್ತಿ ತೆಗೆಯಬೇಕಾದರೆ ತಮ್ಮದೇ ‘ರಿಮೂವಲ್ ಟೂಲ್’ ಇಳಿಸಿಕೊಳ್ಳಿ ಎಂದಿದ್ದರು. ಇದೇನೂ ಅಪರೂಪವಲ್ಲ, ಹೆಸರಾಂತ ಆಂಟಿವೈರಸ್ ಕಂಪನಿಗಳೂ ತಮ್ಮನ್ನು ತಾವೇ ಕಿತ್ತುಹಾಕುವ ಪ್ರತ್ಯೇಕ ತಂತ್ರಾಂಶ ಇಟ್ಟುಕೊಂಡಿವೆ. ಬೇಡದ್ದನ್ನು ತೆಗೆಯಲು ಒಂದು, ಆ ಒಂದನ್ನು ತೆಗೆಯಲು ಇನ್ನೊಂದು. ಆ ಇನ್ನೊಂದನ್ನು ತೆಗೆಯುವವರು ಯಾರೆಂದು ಕೇಳಿದರೆ ಅಧಿಕಪ್ರಸಂಗವಾಗುತ್ತದೆ.

ಕೇಳದೆ ಇಳಿಸಿಕೊಂಡರೂ ಕಷ್ಟ. 2005ರಲ್ಲಿ ಸೋನಿ ಬಿಎಂಜಿಯ ಹಾಡಿನ ಸಿಡಿಗಳಲ್ಲಿದ್ದ ತಂತ್ರಾಂಶ ಕಂಪ್ಯೂಟರಿನೊಳಗೆ ಕಳ್ಳಗಿಂಡಿ ಕೊರೆದು ಅಡಗಿ ಕೂರುತ್ತಿದ್ದುದನ್ನು ಮಾರ್ಕ್ ರಸಿನೊವಿಚ್ ಎಂಬ ತಜ್ಞ ಪತ್ತೆಹಚ್ಚಿದ. ಗಲಾಟೆಯಾದ ಮೇಲೆ ಕಂಪನಿ ಅದನ್ನು ತೆಗೆಯುವ ಸಾಧನ ಕೊಟ್ಟಿತು. ನೋಡಿದರೆ ಆ ಸಾಧನವೇ ಮೊದಲಿನದಕ್ಕಿಂತ ದೊಡ್ಡ ಬಾಗಿಲು ತೆರೆದಿಟ್ಟಿತ್ತು, ಯಾವ ಜಾಲತಾಣ ಬೇಕಾದರೂ ಒಳನುಗ್ಗುವಂತೆ. ಹೋಗಲಿ, ಶುಚಿಗೊಳಿಸುವುದನ್ನೇ ಕಸುಬಾಗಿಸಿಕೊಂಡವರನ್ನು ನಂಬೋಣವೆಂದರೆ 2017ರ ಸಿಕ್ಲೀನರ್ ಪ್ರಸಂಗ ಕಣ್ಣೆದುರಿದೆ. ಅದರ 5.33ನೇ ಆವೃತ್ತಿಯೊಳಗೆ ಯಾರೋ ದುಷ್ಟ ಕೋಡ್ ತೂರಿಸಿ, ಸುಮಾರು ಒಂದು ತಿಂಗಳು ಅದು ಕಂಪನಿಯ ಅಧಿಕೃತ ತಾಣದಿಂದಲೇ ಹಂಚಿಹೋಯಿತು. 22.7 ಲಕ್ಷ ಕಂಪ್ಯೂಟರುಗಳು ಪೊರಕೆಯ ಜೊತೆ ಹಾವನ್ನೂ ಮನೆಗೆ ತಂದುಕೊಂಡಿದ್ದವು. ಆಗ ಆ ಪೊರಕೆಯ ಒಡೆತನ ಆಂಟಿವೈರಸ್ ಕಂಪನಿಯಾದ ಅವಾಸ್ಟ್‌ನದು. ಬೇಲಿಯೇ ಹೊಲ ಮೇಯ್ದರೆ ಎಂಬ ಗಾದೆಗೆ ಇನ್ನು ಬೇರೆ ಉದಾಹರಣೆ ಬೇಡ.

ಹಾಗಾದರೆ ಕಂಪ್ಯೂಟರು ನಿಜಕ್ಕೂ ನಿಧಾನವಾದರೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ ನೋಡಿ. ಗುಂಡಿ ಒತ್ತಿದ ಕೂಡಲೇ ಎದ್ದು ಓಡತೊಡಗುವ ಇಪ್ಪತ್ತೋ ಮೂವತ್ತೋ ಪುಢಾರಿಗಳು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಗುರುತಿಲ್ಲದವರು ಯಾರೆಂದು ವಿಚಾರಿಸಿಕೊಂಡು, ಬೇಡದವರನ್ನು ಮಲಗಿಸಿ. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ ‘ನೋಟಿಫಿಕೇಷನ್ ಕಳಿಸಲು ಅನುಮತಿ’ ಪಡೆದ ತಾಣಗಳನ್ನೂ ಒಮ್ಮೆ ಜಾಡಿಸಿ, ಮೂಲೆಯಿಂದ ಏಳುವ ಪೆಟ್ಟಿಗೆಗಳಲ್ಲಿ ಎಷ್ಟೋ ಅಲ್ಲಿಂದಲೇ ಬರುತ್ತವೆ. ಡಿಸ್ಕಿನಲ್ಲಿ ಸ್ವಲ್ಪ ಜಾಗ ಬಿಡಿ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ ಇದೆ, ಅಪ್‌ಡೇಟುಗಳಿವೆ. ಎಸ್‌ಎಸ್‌ಡಿ ಎಂಬ ತಿರುಗದ, ಚಿಪ್ಪಿನ ಡಿಸ್ಕು ಇರುವವರು, ಕಡತಗಳ ಚೂರುಗಳನ್ನು ಒಟ್ಟಿಗೆ ಜೋಡಿಸುವ ಹಳೆಯ ಕಾಲದ ಡಿಫ್ರ್ಯಾಗ್ ಪೂಜೆಯನ್ನು ಬಿಟ್ಟರೂ ದೋಷ ತಟ್ಟುವುದಿಲ್ಲ. ಇದಿಷ್ಟಕ್ಕೂ ಬಿಡಿಗಾಸು ಕೊಡಬೇಕಿಲ್ಲ. ಬಹುಶಃ ಅದಕ್ಕೇ ಯಾರೂ ನಂಬುವುದಿಲ್ಲ; ‘ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ’ ಎಂದು ಕೆಂಪಕ್ಷರದಲ್ಲಿ ಬರೆಯುವ ತಂತ್ರಾಂಶವನ್ನು ಯಾರೂ ಮಾರಲು ತಂದಿಲ್ಲವಲ್ಲ.

ನನ್ನ ಕಥೆ? ರಿಮೂವಲ್ ಟೂಲ್ ಹಾಕಿದೆ. ಅದು ಎರಡು ಸಲ ರೀಸ್ಟಾರ್ಟ್ ಕೇಳಿತು, ಮಾಡಿದೆ. ಮುಗಿದ ಮೇಲೆ ‘ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದಿತು. ಪೆಟ್ಟಿಗೆ ಈಗ ಏಳುವುದಿಲ್ಲ. ಆದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಅದರ ಹೆಸರಿನದೊಂದು ಖಾಲಿ ಫೋಲ್ಡರು ಉಳಿದಿದೆ. ಅಳಿಸಲು ಹೋದಾಗಲೆಲ್ಲ ‘ಈ ಫೋಲ್ಡರ್ ಬೇರೊಂದು ಪ್ರೋಗ್ರಾಮಿನ ಬಳಕೆಯಲ್ಲಿದೆ’ ಎನ್ನುತ್ತದೆ. ಯಾವುದರ ಬಳಕೆಯಲ್ಲಿ ಎಂದು ಹೇಳುವುದಿಲ್ಲ.