ರೆಕ್ಸಿನ್ ಜಾಕೆಟ್ಟಿನ ಪ್ರಳಯ

ಕೋಲಾರದ ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಅದೂ ರಾತ್ರಿ. ಹನ್ನೊಂದಕ್ಕೂ ಬರಬಹುದು, ಎರಡಕ್ಕೂ ಬರಬಹುದು. ವಾಟರ್‌ಮ್ಯಾನ್ ಮೊಪೆಡ್ಡಿನಲ್ಲಿ ಬಂದು ಮೂಲೆಯ ವಾಲ್ವ್ ತಿರುಗಿಸುವವರೆಗೆ ಮನೆಯಲ್ಲಿ ಒಬ್ಬರಾದರೂ ಎದ್ದಿರಬೇಕು. ಆ ಒಬ್ಬ ನಾನು. ಹೀಗೆ ಎದ್ದು ಕೂತ ರಾತ್ರಿಗಳಲ್ಲೇ ನನಗೆ ಈ ಚಟ ಅಂಟಿಕೊಂಡಿದ್ದು. ಪ್ರಪಂಚ ಮುಗಿದುಹೋದ ಮೇಲಿನ ಕಥೆ ಹೇಳುವ ಸಿನಿಮಾಗಳ ಚಟ.

ಅದರಲ್ಲೂ ಒಳ್ಳೆಯವು ಬೇಡ. ದುಡ್ಡು ಸುರಿದು, ಕಂಪ್ಯೂಟರಿನಲ್ಲಿ ಸಮುದ್ರವನ್ನೇ ಎಬ್ಬಿಸಿ ಊರು ಮುಳುಗಿಸುವಂಥವು ನೋಡಿದರೆ ನಿದ್ದೆ ಬರುತ್ತದೆ. ನನಗೆ ಬೇಕಾದ್ದು ಕೈಯಲ್ಲಿ ಕಾಸಿಲ್ಲದವರು ತೆಗೆದ ಪ್ರಳಯ. ಆಫೀಸಿನಲ್ಲಿ ಯಾರಾದರೂ ಕಣ್ಣು ಯಾಕೆ ಕೆಂಪಗಿದೆ ಅಂತ ಕೇಳಿದರೆ, ರಾತ್ರಿ ಒಂದು ಇರಾನಿ ಸಿನಿಮಾ ನೋಡ್ತಿದ್ದೆ ಅಂತೀನಿ. ಅಷ್ಟು ಮರ್ಯಾದೆಯಾದರೂ ಉಳಿಯಲಿ.

ಇಂಥ ಸಿನಿಮಾ ಶುರುವಾಗುವುದು ಕಪ್ಪು ಪರದೆಯಿಂದ. ಯುದ್ಧವಾಯಿತು, ನಗರಗಳು ಸುಟ್ಟುಹೋದವು, ಅಳಿದುಳಿದವರು ಅಲೆಯುತ್ತಿದ್ದಾರೆ ಅಂತ ಗಂಟಲು ಕಟ್ಟಿದವನೊಬ್ಬ ಹೇಳಿಬಿಡುತ್ತಾನೆ. ಯುದ್ಧ ತೋರಿಸುವುದಕ್ಕೆ ದುಡ್ಡು ಬೇಕು, ಹೇಳುವುದಕ್ಕೆ ಬೇಡ. ನಮ್ಮ ಹರಿಕಥೆ ದಾಸರೂ ಇಡೀ ಕುರುಕ್ಷೇತ್ರವನ್ನು ಕೈಯಲ್ಲಿದ್ದ ಚಿಟಿಕೆಯಲ್ಲೇ ಮುಗಿಸುತ್ತಿದ್ದರು, ಅಲ್ವಾ? ಆಮೇಲೆ ಒಂದು ಕಲ್ಲು ಕ್ವಾರಿ. ಕ್ವಾರಿ ಇಲ್ಲದೆ ಪ್ರಳಯವೇ ಇಲ್ಲ. ಅಲ್ಲಿಗೆ ಟೈರು ಕೊಯ್ದು ಭುಜಕ್ಕೆ ಕಟ್ಟಿಕೊಂಡವರು, ಕಿಟಕಿ ಸರಳು ವೆಲ್ಡ್ ಮಾಡಿಸಿದ ಕಾರಿನಲ್ಲಿ ಬರುತ್ತಾರೆ. ಇರುವ ಒಂದೇ ಜೀಪು ಮೂರು ಸಲ ಸ್ಫೋಟವಾಗುತ್ತದೆ. ಒಂದು ಸಲ ಎಡದಿಂದ, ಒಂದು ಸಲ ಬಲದಿಂದ, ಇನ್ನೊಂದು ಸಲ ನಿಧಾನವಾಗಿ. ಗಾಳಿಯೆಲ್ಲ ವಿಷ ಅಂತ ಮುಖವಾಡ ಹಾಕಿಕೊಂಡವರು ಡೈಲಾಗ್ ಬಂದಾಗ ತೆಗೆದುಬಿಡುತ್ತಾರೆ.

ಈ ಕುಲದ ಅರ್ಧಕ್ಕರ್ಧ ಸಿನಿಮಾಗಳಿಗೆ ಅಜ್ಜ ಅಂದರೆ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಬಂದ ‘ಮ್ಯಾಡ್ ಮ್ಯಾಕ್ಸ್’. ತೆಗೆದ ಜಾರ್ಜ್ ಮಿಲ್ಲರ್ ಓದಿದ್ದು ಡಾಕ್ಟರಿಕೆ. ಎಮರ್ಜೆನ್ಸಿ ವಾರ್ಡಿನಲ್ಲಿ ಅಪಘಾತದ ಗಾಯಾಳುಗಳನ್ನು ನೋಡಿದವರು. ಬಜೆಟ್ಟು ಸುಮಾರು 4 ಲಕ್ಷ ಆಸ್ಟ್ರೇಲಿಯನ್ ಡಾಲರ್. ಗುದ್ದಿಸಿ ಪುಡಿಮಾಡಲು ಒಂದು ವ್ಯಾನ್ ಬೇಕಾದಾಗ ತಮ್ಮ ಸ್ವಂತದ್ದನ್ನೇ ಕೊಟ್ಟುಬಿಟ್ಟರು. ನನಗೆ ತುಂಬಾ ಇಷ್ಟವಾದ್ದು ಇನ್ನೊಂದು ವಿಷಯ. ಅದರಲ್ಲಿ ಪೊಲೀಸರೆಲ್ಲ ಕಪ್ಪು ಚರ್ಮದ ದಿರಿಸಿನಲ್ಲಿ ಮಿಂಚುತ್ತಾರಲ್ಲ, ನಿಜವಾದ ಚರ್ಮ ಹೀರೋ ಮೈಮೇಲೆ ಮಾತ್ರ. ಮಿಕ್ಕವರಿಗೆಲ್ಲ ವಿನೈಲ್, ನಮ್ಮ ಭಾಷೆಯಲ್ಲಿ ರೆಕ್ಸಿನ್. ಆಟೋ ಸೀಟಿಗೆ ಹಾಕಿಸುವ ಜಾತಿಯದು. ಮದುವೆ ಮನೆಯಲ್ಲಿ ಗಂಡಿಗೆ ಮಾತ್ರ ಅಸಲಿ ರೇಷ್ಮೆ ಉಡಿಸಿದ ಹಾಗೆ.

ಅದು ಗೆದ್ದಿದ್ದೇ ತಡ, ಇಟಲಿಯವರು ಸಾಲುಸಾಲಾಗಿ ಪ್ರಳಯ ಶುರುಮಾಡಿದರು. ಇವುಗಳಿಗೆ ಇಸವಿ ಹಾಕುವ ಹುಚ್ಚು ಬೇರೆ. 1981ರ ಒಂದು ಅಮೆರಿಕದ ಸಿನಿಮಾದಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪವೇ ದೊಡ್ಡ ಜೈಲು, ಇಸವಿ 1997. ನನ್ನ 1997ರಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಫೇಲಾಗಿದ್ದು ಬಿಟ್ಟರೆ ಬೇರೆ ಅನಾಹುತ ನೆನಪಿಲ್ಲ. 1983ರಲ್ಲಿ ಇಟಲಿಯವರು ತೆಗೆದ ಇನ್ನೊಂದರಲ್ಲಿ ಅಣುಯುದ್ಧದ ನಂತರದ ಹಾಳು ನಗರ 2019ರದ್ದು. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನವರು ಮಿಂದು, ತೊಳೆದು ಚೆಲ್ಲಿದ್ದನ್ನು ಸಂಸ್ಕರಿಸಿ, ಪೈಪಿನಲ್ಲಿ ಕೋಲಾರದ ಒಣಗಿದ ಕೆರೆಗಳಿಗೆ. ಶುರುವಿನಲ್ಲಿ ಕೆರೆ ಮೇಲೆ ಬಿಳಿ ನೊರೆ ಎದ್ದಾಗ ಜನ ಗುಂಪುಕಟ್ಟಿ ನೋಡಿದರು. ಇಂಥ ಕಥೆ ಯಾವ ಇಟಲಿಯವನಿಗೂ ಹೊಳೆದಿರಲಿಲ್ಲ.

ನೀರಿನ ರಾತ್ರಿ ಅಮ್ಮನಿಗೂ ನಿದ್ದೆ ಬರಲ್ಲ. ಮುಳಬಾಗಿಲು ಕಡೆಯ ಹಳ್ಳಿಯವಳು, ಬರ ನೋಡಿದವಳು. ಪಕ್ಕಕ್ಕೆ ಬಂದು ಕೂತು, ಕನ್ನಡಕ ಮೇಲೇರಿಸಿ, ಫೋನಿನೊಳಗೆ ಇಣುಕುತ್ತಾಳೆ. ಕತ್ತಿ, ಕೊಡಲಿ ಅವಳಿಗೆ ಬೇಕಿಲ್ಲ.

“ಇವ್ರು ಊಟಕ್ಕೇನ್ ಮಾಡ್ತಾರೋ?”

“ಹಳೇ ಅಂಗಡೀಲಿ ಡಬ್ಬಿ ಹುಡುಕ್ತಾರಮ್ಮ.”

“ಡಬ್ಬಿ ಮುಗಿದ್ಮೇಲೆ? ಒಂದು ಹಗೇವು ತೆಗೆದು ರಾಗಿ ತುಂಬಿಡ್ಬಾರ್ದಾ?”

ಹಗೇವು ಅಂದರೆ ರಾಗಿ ಕಣಜ, ನೆಲದೊಳಗಿನದು. ಹೂಜಿಯಂತೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ಆರಿದರೆ ಕಾಯಬೇಕು. ಅಮ್ಮ ಚಿಕ್ಕವಳಿದ್ದಾಗ ಅಪ್ಪನ ಪಕ್ಕ ನಿಂತು ದೀಪ ಆರುವುದನ್ನು ನೋಡಿದ್ದಾಳಂತೆ. ನಾನು ನೋಡಿದ ಅಷ್ಟೂ ಪ್ರಳಯಗಳಲ್ಲಿ ಇಂಥದ್ದೊಂದು ದೃಶ್ಯ ಇಲ್ಲ. ಖರ್ಚೂ ಇಲ್ಲ, ಒಂದು ದೀಪ, ಒಂದು ಗುಂಡಿ.

ಹೋದ ವರ್ಷ ಗೆಳೆಯನೊಬ್ಬ ಕೆಜಿಎಫ್‌ನ ಸೈನೈಡ್ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ನೂರಿಪ್ಪತ್ತು ವರ್ಷ ಬಂಡೆ ಪುಡಿಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಸುರಿದಿದ್ದೇ ಆ ಗುಡ್ಡ. ಮೂರು ಕಿಲೋಮೀಟರಿಗಿಂತ ಆಳದಿಂದ ಬಂದ ಧೂಳೂ ಅದರಲ್ಲಿದೆ. ಮಳೆ ಕೊರೆದ ಕೊರಕಲು, ಬೂದಿ ಬಣ್ಣ, ಸರಿಯಾಗಿ ಒಂದು ಮರವಿಲ್ಲ. ನನಗಂತೂ ಖುಷಿಯೋ ಖುಷಿ, ನನ್ನ ಸಿನಿಮಾಗಳೆಲ್ಲ ಇಲ್ಲೇ ಇದ್ದವು! ಟೈರಿನ ಕವಚದವನು ಈಗ ಬಂದ, ಆಗ ಬಂದ ಅಂತ ನೋಡುತ್ತಿದ್ದೆ. ಚಪ್ಪಲಿ ತುಂಬ ಹಿಟ್ಟಿನಂಥ ಪುಡಿ.

ಗೆಳೆಯ ಅಲ್ಲೇ ಹುಟ್ಟಿದವನು. ಅವನಪ್ಪ ಗಣಿಯಲ್ಲಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಒಂದೇ ದಿನಕ್ಕೆ ಒಂದು ಊರಿನ ಕೆಲಸವೆಲ್ಲ ನಿಂತುಹೋಯಿತು. “ಆಮೇಲೆ ಏನ್ ಮಾಡಿದ್ರಿ?” ಅಂದೆ. ಸಿನಿಮಾ ನೋಡಿ ಕೆಟ್ಟ ಬುದ್ಧಿ, ಏನೋ ಭಯಂಕರವಾದ್ದು ಹೇಳುತ್ತಾನೆ ಅಂತ ಕಾದೆ. “ಏನ್ ಮಾಡೋದು, ಟ್ರೈನ್ ಹತ್ತಿದ್ವಿ” ಅಂದ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ಬೆಂಗಳೂರು ರೈಲು. ಇವತ್ತಿಗೂ ಅದು ತುಂಬಿಯೇ ಹೊರಡುತ್ತದೆ. ಕೈಯಲ್ಲಿ ಕೊಡಲಿ ಇಲ್ಲ, ಟಿಫನ್ ಕ್ಯಾರಿಯರ್. ಸೀಟಿಗಾಗಿ ಜಗಳ ಮಾತ್ರ ಸಿನಿಮಾದಂತೆಯೇ ಇರುತ್ತದಂತೆ.

ಮೊನ್ನೆಯ ನೀರಿನ ರಾತ್ರಿ ಒಂದು ಅಪ್ಪಟ ಕಳಪೆ ಸಿಕ್ಕಿತ್ತು. ಬಾಯಾರಿದ ಹೀರೋ, ಅವನ ನಾಯಿ, ಮರಳು. ಒಂದೂಮುಕ್ಕಾಲು ಗಂಟೆಗೆ ಸರಿಯಾಗಿ ಮರಳಿನಡಿ ಅವನಿಗೊಂದು ಕಬ್ಬಿಣದ ಮುಚ್ಚಳ ಸಿಕ್ಕಿತು. ಕೆಳಗೆ ಕತ್ತಲೆ. ಅಮ್ಮ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟರಲ್ಲಿ ಅಂಗಳದ ನಲ್ಲಿ ಉಸ್ಸ್ ಅಂತ ಗಾಳಿ ಬಿಟ್ಟಿತು.

ಇಬ್ಬರೂ ಎದ್ದು ಓಡಿದೆವು. ಮೊದಲ ಎರಡು ಬಕೆಟ್ ಕೆಂಪು ನೀರು ಕರಿಬೇವಿನ ಗಿಡಕ್ಕೆ. ಆಮೇಲೆ ಡ್ರಮ್ಮು, ಕೊಡಗಳು, ಇಡ್ಲಿ ಪಾತ್ರೆ, ಕೊನೆಗೆ ಪ್ರೆಷರ್ ಕುಕ್ಕರ್ ಕೂಡ. ಮುಗಿಸಿ ಒಳಗೆ ಬಂದಾಗ ಮೂರು ಗಂಟೆ. ಫೋನ್ ಸತ್ತು ಮಲಗಿತ್ತು.

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು, “ಆ ಹುಡ್ಗ ದೀಪ ಇಳಿಸ್ದೇನೇ ಒಳಗೆ ಹೋಗ್ಬಿಟ್ನಾ?”